ಬಾನಿನ ಬಳುವಳಿ

ಮನೆ, ಹೊಲ, ತೋಟಗಳು ಉಯಿಲಿನಿಂದ ಮಕ್ಕಳಿಗೆ ಸಲ್ಲುತ್ತವೆ. ಹವ್ಯಾಸಿ ರೇಡಿಯೋದ ಪರವಾನಗಿ ಹಾಗೆ ಸಲ್ಲದು. ಮಗನೂ ವಿದ್ಯುತ್ತು, ತರಂಗಗಳ ಪಾಠ ಕಲಿತು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತನ್ನದೇ ಕರೆಸಂಕೇತವನ್ನು ಪಡೆಯಬೇಕು.

ಅಮೆರಿಕದ ಗಗನಯಾತ್ರಿ ಓವೆನ್ ಗ್ಯಾರಿಯಟ್ 1983ರಲ್ಲಿ ಕೊಲಂಬಿಯಾ ನೌಕೆಯಿಂದ, ಅಂಗೈಯಲ್ಲಿ ಹಿಡಿಯುವಂಥ ಯಂತ್ರದ ಮೂಲಕ, ಭೂಮಿಯ ಹವ್ಯಾಸಿಗಳನ್ನು ಮಾತನಾಡಿಸಿದರು. ಅಂತರಿಕ್ಷದಿಂದ ಹಾಗೆ ಮಾತನಾಡಿದವರಲ್ಲಿ ಅವರೇ ಮೊದಲಿಗರು. ಅವರ ಕರೆಗೆ ಓಗೊಟ್ಟವರಲ್ಲಿ ಜೋರ್ಡಾನಿನ ದೊರೆ ಹುಸೇನರೂ ಒಬ್ಬರು.

ಮಗ ರಿಚರ್ಡರಿಗೂ ಬಾನಿನ ಹಂಬಲ. ದೃಷ್ಟಿದೋಷದಿಂದ ಗಗನಯಾತ್ರಿಯ ಉದ್ಯೋಗ ದೊರೆಯುವಂತಿರಲಿಲ್ಲ. ಸ್ವಂತ ವೆಚ್ಚದಲ್ಲಿ 2008ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿ, ತಂದೆಯಂತೆಯೇ ಭೂಮಿಯನ್ನು ಕರೆದರು. ಕರೆಸಂಕೇತ ಮಾತ್ರ ಅವರದೇ ಆಗಿತ್ತು.

ಓವೆನ್ 2019ರಲ್ಲಿ ತೀರಿಕೊಂಡರು. ದೂರದ ಅಪರಿಚಿತನ ದನಿಗೆ ಕಿವಿಗೊಡುವ ಆಸೆಯೊಂದನ್ನೇ ತಂದೆ ಮಗನಿಗೆ ಕೊಡಬಲ್ಲ. ಉಳಿದುದನ್ನು ಮಗನೇ ಗಳಿಸಿಕೊಳ್ಳಬೇಕು.