ಅಡಿಗೆಮನೆಯ ಕಪಾಟಿನ ಒಳಬಣ್ಣ ಮತ್ತು ಮಗುವಿನ ಆರೋಗ್ಯ

ಹಬ್ಬ ಸಮೀಪಿಸಿದಾಗ ಅಥವಾ ಮನೆಯಲ್ಲಿ ಸೀಮಂತ, ನಾಮಕರಣಗಳಂಥ ಶುಭಕಾರ್ಯಗಳು ನಿಶ್ಚಯವಾದಾಗ ಮನೆಗೆ ಸುಣ್ಣಬಣ್ಣ ಮಾಡುವುದು ನಮ್ಮ ಹಳ್ಳಿಗಳಲ್ಲಿ ರೂಢಿಯಲ್ಲಿರುವ ಒಳ್ಳೆಯ ಪದ್ಧತಿ. ಇದರಿಂದ ಮನೆ ಶುಭ್ರವಾಗುತ್ತದೆ; ಬಿರುಕುಗಳು ಮುಚ್ಚಿ ಜಿರಳೆಗಳ ಉಪದ್ರವವೂ ಕಡಿಮೆಯಾಗುತ್ತದೆ. ಆದರೆ ಅಡಿಗೆಮನೆಯ ಕಪಾಟಿನ ಒಳಭಾಗಕ್ಕೆ ಬಣ್ಣ ಹಚ್ಚುವಾಗ ವಿಶೇಷ ಎಚ್ಚರಿಕೆ ಅಗತ್ಯ. ಅಲ್ಲಿಂದ ಏಳುವ ಚಕ್ಕೆ ಮತ್ತು ಧೂಳು ತಟ್ಟೆ, ಲೋಟ, ಬೇಳೆಯ ಡಬ್ಬಿಗಳ ಮೇಲೆ ಬಿದ್ದು ಆಹಾರದೊಂದಿಗೆ ಹೊಟ್ಟೆ ಸೇರಬಹುದು.

ಸೀಸದಿಂದ ಆಗುವ ಹಾನಿ

ಹಿಂದಿನ ಕಾಲದ ಅನೇಕ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಗಾಢ ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ, ಸೀಸ ಎಂಬ ವಿಷಲೋಹ ಬೆರೆತಿರುತ್ತಿತ್ತು. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ರಕ್ತಹೀನತೆಯನ್ನೂ ಉಂಟುಮಾಡುತ್ತದೆ. ಗರ್ಭಿಣಿಯ ದೇಹವನ್ನು ಸೇರಿದ ಸೀಸ ಮಾಸಿನ ಮೂಲಕ ಗರ್ಭದ ಶಿಶುವನ್ನೂ ತಲುಪುತ್ತದೆ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಮಿತಿಯೇ ಇದಕ್ಕಿಲ್ಲ. ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿರುವ ದೇಹವು ಸೀಸವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದುದರಿಂದ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ಗರ್ಭಿಣಿಯರು ತಪ್ಪದೆ ಸೇವಿಸಬೇಕು.

ಬಣ್ಣದ ಆಯ್ಕೆ

ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರಬಾರದೆಂದು ಭಾರತ ಸರ್ಕಾರವು 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಈ ವಿಷಯ ಮುದ್ರಿತವಾಗಿದೆಯೇ ಎಂದು ಓದಿ ನೋಡಿರಿ. ಅಟ್ಟದ ಮೇಲೆ ಬಹುಕಾಲದಿಂದ ಉಳಿದ ಡಬ್ಬಿಯನ್ನಾಗಲಿ, ಟ್ರಾಕ್ಟರು, ಯಂತ್ರಗಳಿಗಾಗಿ ತಂದ ಬಣ್ಣವನ್ನಾಗಲಿ ಕಪಾಟಿಗೆ ಬಳಸಲೇಬಾರದು.

ಗೋಡೆಯಲ್ಲಿರುವ ಮಣ್ಣಿನ ಅಥವಾ ಕಲ್ಲಿನ ಗೂಡುಗಳಿಗೆ ಸುಣ್ಣವೇ ಸಾಕು. ಸುಣ್ಣವನ್ನು ಹಿಂದಿನ ದಿನವೇ ಅರಳಿಸಿ, ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ ತೆಳುವಾಗಿ ಎರಡು ಬಾರಿ ಬಳಿಯಿರಿ. ಅರಳುವ ಸುಣ್ಣ ಕುದಿಯುವಷ್ಟು ಬಿಸಿಯಾಗುವುದರಿಂದ ಮಕ್ಕಳನ್ನು ಹತ್ತಿರ ಬಿಡಬಾರದು. ಸುಣ್ಣ ಕಣ್ಣಿಗೆ ಸಿಡಿದರೆ ತಕ್ಷಣವೇ ಧಾರಾಳವಾದ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.

ಮರದ ಕಪಾಟಿಗೆ ಬಣ್ಣ ಹಚ್ಚುವ ಕ್ರಮ

1. ಕಪಾಟನ್ನು ಪೂರ್ತಿಯಾಗಿ ಬರಿದು ಮಾಡಿ, ಪಾತ್ರೆ ಮತ್ತು ಕಾಳುಗಳನ್ನು ಬೇರೆ ಕೋಣೆಯಲ್ಲಿ ಮುಚ್ಚಿಡಿ.

2. ಎಣ್ಣೆಯ ಜಿಡ್ಡನ್ನು ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಮರವನ್ನು ಎರಡು ದಿನ ಚೆನ್ನಾಗಿ ಒಣಗಿಸಿ. ಜಿಡ್ಡಿನ ಮೇಲೆ, ತೇವದ ಮೇಲೆ ಬಣ್ಣ ನಿಲ್ಲುವುದಿಲ್ಲ.

3. ಹಳೆಯ ಬಣ್ಣವನ್ನು ಒಣಗಿದಂತೆ ಕೆರೆಯಬಾರದು, ಬೆಂಕಿಯಿಂದ ಸುಡಬಾರದು. ನೀರು ಚಿಮುಕಿಸಿ, ಒದ್ದೆಯಲ್ಲಿ ಬಳಸುವ ಎಮರಿ ಕಾಗದದಿಂದ ಉಜ್ಜಿ. ಮೂಗು ಬಾಯಿಗೆ ಮುಖಗವಸು ಧರಿಸಿ. ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಚಕ್ಕೆಗಳನ್ನು ಸುತ್ತಿ ಕಟ್ಟಿ ತೆಗೆಯಿರಿ. ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಚಕ್ಕೆಗಳನ್ನು ತಿಪ್ಪೆಗೆ ಎಸೆಯಬಾರದು, ಒಲೆಗೂ ಹಾಕಬಾರದು. ಪಂಚಾಯಿತಿಯ ಕಸದ ಗಾಡಿಯಲ್ಲಿ ಪ್ರತ್ಯೇಕವಾಗಿ ಕೊಡಿ.

4. ಬಿರುಕುಗಳಿಗೆ ಪುಟ್ಟಿ ತುಂಬಿ, ಒಂದು ಸಲ ಪ್ರೈಮರ್, ಅನಂತರ ತೆಳುವಾಗಿ ಎರಡು ಸಲ ಬಣ್ಣ ಬಳಿಯಿರಿ. ಮೊದಲನೆಯದು ಪೂರ್ಣವಾಗಿ ಒಣಗಿದ ಮೇಲೆಯೇ ಎರಡನೆಯದು. ದಪ್ಪವಾಗಿ ಬಳಿದ ಬಣ್ಣ ಬೇಗ ಒಣಗದು. ಕೆಲಸದ ವೇಳೆ ಕಿಟಕಿ ಬಾಗಿಲು ತೆರೆದಿರಲಿ, ಒಲೆ ಆರಿರಲಿ. ಬಣ್ಣ ತೆಳುಮಾಡುವ ದ್ರವ ಬೇಗ ಬೆಂಕಿ ಹಿಡಿಯುತ್ತದೆ.

5. ಬಾಗಿಲುಗಳನ್ನು ಕನಿಷ್ಠ ಒಂದು ವಾರ ತೆರೆದಿಡಿ. ವಾಸನೆ ಪೂರ್ತಿಯಾಗಿ ಹೋಗುವವರೆಗೆ ಒಳಗೆ ಏನನ್ನೂ ಇಡಬೇಡಿ. ಅನಂತರವೂ ಆಹಾರಪದಾರ್ಥಗಳನ್ನು ಮುಚ್ಚಳವಿರುವ ಡಬ್ಬಿಗಳಲ್ಲೇ ಇಡಿ.

ಈ ಕೆಲಸ ಯಾರದು?

ಕಪಾಟು ಅಡಿಗೆಮನೆಯದಾದ್ದರಿಂದ ಈ ಕೆಲಸವೂ ಹೆಂಗಸರದೇ ಎಂಬ ಭಾವನೆ ಕೆಲವೆಡೆ ಇದೆ. ಇದು ಸರಿಯಲ್ಲ. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಹಳೆಯ ಬಣ್ಣ ಉಜ್ಜುವ ಸ್ಥಳದಿಂದ ದೂರವಿರಬೇಕು. ಹೊಸ ಬಣ್ಣದ ವಾಸನೆಯಿಂದಲೂ ಅವರನ್ನು ದೂರವಿಡುವುದು ಒಳಿತು. ಸೀಮಂತಕ್ಕಾಗಿ ಮನೆ ಸಿಂಗರಿಸುವ ಆತುರದಲ್ಲಿ ಬಸುರಿಯ ಕೈಗೆ ಎಮರಿ ಕಾಗದ ಕೊಡುವುದು ಕ್ಷೇಮವಲ್ಲ. ಪತಿಯೇ ಈ ಕೆಲಸ ವಹಿಸಿಕೊಳ್ಳಲಿ. ಮುಗಿದ ಮೇಲೆ ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದು ಅನಂತರ ಮಗುವನ್ನು ಎತ್ತಿಕೊಳ್ಳಲಿ. ಹೆರಿಗೆ ಸಮೀಪವಿದ್ದು ಸಹಾಯಕರಿಲ್ಲದಿದ್ದರೆ ಹಳೆಯ ಬಣ್ಣವನ್ನು ಕೆದಕದೆ, ಒದ್ದೆ ಬಟ್ಟೆಯಿಂದ ಒರೆಸಿ ಕೆಲಸವನ್ನು ಮುಂದೂಡುವುದು ಲೇಸು.

ಮಗು ಬಣ್ಣದ ಚಕ್ಕೆ ತಿನ್ನುವುದು ಕಂಡುಬಂದರೆ, ಯಾವ ತೊಂದರೆಯೂ ತೋರದಿದ್ದರೂ ವೈದ್ಯರಿಗೆ ತೋರಿಸಿ. ಸೀಸದ ವಿಷ ಮೊದಮೊದಲು ಹೊರಗೆ ಕಾಣಿಸುವುದಿಲ್ಲ.

ದಂಪತಿಗಳೇ, ಕಪಾಟು ಹೊಳೆಯದಿದ್ದರೂ ಚಿಂತೆಯಿಲ್ಲ. ಅದರಿಂದ ತೆಗೆದ ತಟ್ಟೆಯಲ್ಲಿ ನಿಮ್ಮ ಮಗು ನಿರಪಾಯವಾಗಿ ಉಣ್ಣುವಂತಿರಲಿ.