ಓಕ್ ನೆಲದ ಮೂವತ್ತು ದಿನಗಳು

ಅಮೆರಿಕದ ಹಳೆಯ ಮನೆಗಳಲ್ಲಿ ನೆಲವೆಂದರೆ ಬಹುಮಟ್ಟಿಗೆ ಮುಕ್ಕಾಲು ಇಂಚು ದಪ್ಪದ ಓಕ್ ಮರದ ಪಟ್ಟಿಗಳ ಜೋಡಣೆ. ದಶಕಗಳ ಓಡಾಟದಿಂದ ಅದರ ಮೇಲ್ಪದರ ಸವೆದಾಗ ಹಲಗೆಯನ್ನು ಕಿತ್ತುಹಾಕದೆ, ಬರಿಯ ಮರ ಕಾಣುವವರೆಗೆ ಯಂತ್ರದಿಂದ ಉಜ್ಜಿ, ಹೊಸ ಲೇಪನ ಬಳಿದು ಹೊಳಪನ್ನು ಮರಳಿಸುವುದು ಅಲ್ಲಿ ಪ್ರತ್ಯೇಕ ಕಸುಬಾಗಿಯೇ ಬೆಳೆದಿದ್ದು, ಒಂದೇ ನೆಲ ತನ್ನ ಆಯುಷ್ಯದಲ್ಲಿ ಹಲವು ಬಾರಿ ಹೀಗೆ ಹೊಸದಾಗಬಲ್ಲದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಥ ನೆಲಗಳಿಗೆ ಬಳಿಯುತ್ತಿದ್ದ ಶೆಲ್ಲಾಕ್ ಬಹುಪಾಲು ಭಾರತದ ಕಾಡುಗಳ ಅರಗಿನಿಂದ ತಯಾರಾಗುತ್ತಿತ್ತು. ಮುಂದೆ ಆ ಸ್ಥಾನವನ್ನು ಪಾಲಿಯುರೆಥೇನ್ ವಾರ್ನಿಷ್ ಪಡೆಯಿತು.

ಈ ಕಸುಬಿನ ಅತ್ಯಂತ ಸೂಕ್ಷ್ಮವಾದ ಘಟ್ಟ ಬಳಿದ ಮೇಲಿನ ಕಾಯುವಿಕೆ. ಎಣ್ಣೆ ಆಧಾರಿತ ಲೇಪನದಲ್ಲಿ ಮೊದಲು ದ್ರಾವಕ ಆವಿಯಾಗಿ ಹೋಗುತ್ತದೆ. ಇದು ಒಣಗುವಿಕೆ, ಸುಮಾರು 24 ಗಂಟೆಗಳಲ್ಲಿ ಮುಗಿಯುವುದರಿಂದ ಕಾಲುಚೀಲ ತೊಟ್ಟು ಮೆಲ್ಲಗೆ ನಡೆಯಬಹುದು. ಆದರೆ ಉಳಿದ ಪದರವು ಗಾಳಿಯ ಆಮ್ಲಜನಕವನ್ನು ಹೀರಿ, ಅದರ ಅಣುಗಳು ಪರಸ್ಪರ ಹೆಣೆದುಕೊಂಡು ಗಟ್ಟಿಯಾಗುವ ಕ್ಯೂರಿಂಗ್ ಎಂಬ ಕ್ರಿಯೆ ಪೂರ್ಣಗೊಳ್ಳಲು ಸಾಮಾನ್ಯವಾಗಿ 30 ದಿನಗಳು ಬೇಕು. ಕಾಂಕ್ರೀಟಿಗೆ ನೀರುಣಿಸಿ ಕ್ಯೂರಿಂಗ್ ಮಾಡುವುದನ್ನು ಬಲ್ಲ ಕನ್ನಡಿಗರಿಗೆ ಇಲ್ಲಿನ ನಿಯಮ ತಿರುಗುಮುರುಗಾಗಿ ಕಂಡೀತು, ಏಕೆಂದರೆ ಈ ನೆಲಕ್ಕೆ ಬೇಕಾದುದು ಗಾಳಿ, ಹಿತವಾದ ಬೆಚ್ಚನೆ ಮತ್ತು ಮಿತವಾದ ತೇವಾಂಶ. ನೀರಿನ ಆಧಾರದ ಲೇಪನ ಕೆಲವೇ ಗಂಟೆಗಳಲ್ಲಿ ಒಣಗಿ, ಒಂದೆರಡು ವಾರಗಳಲ್ಲಿ ಗಟ್ಟಿಯಾಗುತ್ತದೆ.

ಬರಿದೇ ಒಣಗಿದ ಮತ್ತು ಪೂರ್ತಿ ಗಟ್ಟಿಯಾದ ಸ್ಥಿತಿಗಳ ನಡುವೆ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದಿರುವುದೇ ಅನಾಹುತದ ಮೂಲ. ಮೂರ್ನಾಲ್ಕು ದಿನಗಳ ನಂತರ ಪೀಠೋಪಕರಣಗಳನ್ನು ಎಳೆಯದೆ, ಎತ್ತಿ ಇಡಬಹುದಾದರೂ, ಜಮಖಾನೆಯನ್ನು ಅವಸರದಿಂದ ಹಾಸಿದರೆ ಅದು ಕೆಳಗಿನ ಪದರಕ್ಕೆ ಗಾಳಿಯನ್ನು ತಡೆದು, ಉಳಿದ ದ್ರಾವಕವನ್ನು ಹಿಡಿದಿಟ್ಟು, ತನ್ನ ನೇಯ್ಗೆಯ ಗುರುತನ್ನೇ ಹೊಳಪಿನ ಮೇಲೆ ಅಚ್ಚೊತ್ತುತ್ತದೆ. ಬೇಗ ಒಣಗಲೆಂದು ಹಸಿ ಲೇಪನದ ಮೇಲೆ ನೇರವಾಗಿ ಫ್ಯಾನಿನ ಗಾಳಿ ಬಿಟ್ಟರೆ ಧೂಳು ಅಂಟುವುದಲ್ಲದೆ, ಮೇಲ್ಮೈ ಮಾತ್ರ ಕೆನೆಗಟ್ಟಿ ಒಳಭಾಗ ಹಸಿಯಾಗಿಯೇ ಉಳಿಯುತ್ತದೆ. ಗಾಳಿಯಲ್ಲಿ ಗಟ್ಟಿಯಾಗುವ ಎಣ್ಣೆಗಳು ಆ ಕ್ರಿಯೆಯಲ್ಲಿ ಶಾಖವನ್ನೂ ಹೊಮ್ಮಿಸುವುದರಿಂದ, ಅವುಗಳನ್ನು ಒರೆಸಿದ ಬಟ್ಟೆಯನ್ನು ಮುದುರಿ ಗುಡ್ಡೆ ಹಾಕಿದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಲ್ಲ ಕೆಲಸಗಾರರು ಅದನ್ನು ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡುತ್ತಾರೆ.

ಕಾರ್ಖಾನೆಯಲ್ಲೇ ನೇರಳಾತೀತ ದೀಪದಡಿ ಕ್ಷಣಗಳಲ್ಲಿ ಗಟ್ಟಿಗೊಳಿಸಿದ ಸಿದ್ಧ ಹಲಗೆಗಳು ಬಂದ ಮೇಲೆ ಈ ಕಾಯುವಿಕೆ ಅನವಶ್ಯಕವೆಂಬ ಭಾವನೆ ಬಲಿಯುತ್ತಿದೆ. ಅನುಕೂಲ ನಿಜವೇ ಆದರೂ, ಮನೆಯಲ್ಲೇ ಉಜ್ಜಿ ಬಳಿದ ನೆಲದ ಒಡೆಯದ, ಅಖಂಡವಾದ ಹೊಳಪು ಆ ಹಲಗೆಗಳಿಗೆ ಬರುವುದಿಲ್ಲ. ಅಮೆರಿಕದಲ್ಲಿ ಹಳೆಯ ಮನೆ ಕೊಂಡು ಓಕ್ ನೆಲವನ್ನು ಹೊಸದಾಗಿಸಲು ಹೊರಟ ಕನ್ನಡ ಕುಟುಂಬಗಳು ಗೃಹಪ್ರವೇಶದ ಮುಹೂರ್ತವನ್ನು ಕಡೆಯ ಲೇಪನದಿಂದ ಒಂದು ತಿಂಗಳಾಚೆಗೆ ಇಟ್ಟುಕೊಳ್ಳಬೇಕು. ಅದು ಆಗದಿದ್ದರೆ ಆ ದಿನ ಜಮಖಾನೆ ಹಾಸದೆ ಮಣೆಗಳ ಮೇಲೆ ಕುಳಿತು, ಅರಿಸಿನ ಕುಂಕುಮಗಳನ್ನು ತಟ್ಟೆಯಲ್ಲೇ ಇಟ್ಟು ಪೂಜೆ ಮುಗಿಸಬೇಕು.