ಮೇಲಧಿಕಾರಿಯೇ ಕಾಡಿದಾಗ

ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರುತ್ತೀರಿ. ರಜೆ, ಬಡ್ತಿ, ಕೆಲಸ ಕಾಯಂ ಆಗುವುದು ಎಲ್ಲವೂ ಮೇಲಧಿಕಾರಿಯ ಕೈಯಲ್ಲಿ. ಅದೇ ಕೈ ಮೈಮೇಲೆ ಬಂದರೆ, ಅಶ್ಲೀಲ ಮಾತು ಶುರುವಾದರೆ ಏನು ಮಾಡುತ್ತೀರಿ? ಸ್ಟುಡಿಯೋ ಚರ್ಚೆಯಲ್ಲಿ ಸಮಯ ಸಾಲದೆ ಉಳಿದ ಮಾತುಗಳು ಇಲ್ಲಿವೆ.

ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ದುಡಿಯುವ ಹೆಣ್ಣಿಗೆ ರಕ್ಷಣೆ ಕೊಡುವವರು ಯಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 1997ರಲ್ಲಿ 'ವಿಶಾಖಾ' ತೀರ್ಪು ಬಂತು. ಸಂಸತ್ತು ಕಾಯಿದೆ ಮಾಡಿದ್ದು 2013ರಲ್ಲಿ. ಹದಿನಾರು ವರ್ಷ ಬೇಕಾಯಿತು ನೋಡಿ!

ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ತರಬೇತಿಗೆ ಬಂದ ವಿದ್ಯಾರ್ಥಿನಿ, ದಿನಗೂಲಿಯವಳು, ಮನೆಗೆಲಸದಾಕೆ ಎಲ್ಲರೂ ಈ ಕಾಯಿದೆಯೊಳಗೆ ಬರುತ್ತಾರೆ. ಆದರೆ ಇದರಡಿ ದೂರು ಕೊಡಬಹುದಾದವರು ಮಹಿಳೆಯರು ಮಾತ್ರ. ಬರೀ ಬೈಗುಳ, ಕೆಲಸದ ಕಿರುಕುಳಕ್ಕೆ ಇದು ಅನ್ವಯಿಸುವುದಿಲ್ಲ.

ಇಲ್ಲಿ ಗಡುವನ್ನು ಗಮನಿಸಿ. ಘಟನೆಯಾದ ಮೂರು ತಿಂಗಳೊಳಗೆ, ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ, ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. 'ಇನ್ನೊಮ್ಮೆ ಆದರೆ ನೋಡೋಣ' ಎಂದು ಸುಮ್ಮನಿದ್ದವರು ಈ ಗಡುವಿನಲ್ಲೇ ಸೋಲುವುದುಂಟು. ನಾನು ವಿಜ್ಞಾನ ಓದುವಾಗ ಪ್ರಯೋಗಾಲಯದಲ್ಲಿ ಅಳತೆಯನ್ನು ಕಂಡ ಕೂಡಲೇ ಬರೆಯಬೇಕಿತ್ತು. ಮನೆಯಲ್ಲಿ ಕೂತು ನೆನಪಿನಿಂದ ಬರೆದರೆ ಮೇಷ್ಟ್ರು ಗೀಟು ಎಳೆಯುತ್ತಿದ್ದರು. ಇಲ್ಲೂ ಹಾಗೆಯೇ: ದಿನಾಂಕ, ವೇಳೆ, ಆಡಿದ ಮಾತು, ಪಕ್ಕದಲ್ಲಿದ್ದವರು, ಎಲ್ಲವನ್ನೂ ಅಂದೇ ಬರೆದಿಡಿ. ಮೊಬೈಲಿಗೆ ಬಂದ ಸಂದೇಶಗಳನ್ನು ಅಳಿಸಬೇಡಿ.

ದೂರು ಕೊಟ್ಟರೆ ಅದೇ ಅಧಿಕಾರಿ ನನ್ನ ಕೆಲಸದ ವರದಿ ಬರೆಯುತ್ತಾನಲ್ಲ ಎಂಬ ಭಯ ಸಹಜ. ವಿಚಾರಣೆ ನಡೆಯುವಾಗ ಆ ವರದಿಯನ್ನು ಬೇರೆಯವರಿಗೆ ವಹಿಸುವಂತೆ ನೀವು ಸಮಿತಿಯನ್ನು ಕೇಳಬಹುದು. ವರ್ಗಾವಣೆಯನ್ನು, ಮೂರು ತಿಂಗಳವರೆಗಿನ ಹೆಚ್ಚುವರಿ ರಜೆಯನ್ನೂ ಕೇಳಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆರೋಪ ರುಜುವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಕೊಟ್ಟವಳನ್ನು ಶಿಕ್ಷಿಸುವಂತಿಲ್ಲ.

ಸಮಿತಿಗೆ ಹೋದರೆ ಪೊಲೀಸ್ ಬಾಗಿಲು ಮುಚ್ಚುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಲ್ಲಿ ಲೈಂಗಿಕ ಕಿರುಕುಳ ಅಪರಾಧ. ವಕೀಲರ ಖರ್ಚಿಗೆ ಅಂಜಬೇಡಿ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ.